ಕಟಕಟೆಯ ಮಾತು, ಕಾಗದದ ಮಾತು

ಈ ಹೊತ್ತು ನಾನು ಆಡುತ್ತಿರುವ ಮಾತು ಗಾಳಿಯನ್ನು ಸೇರಿ ನಿಮ್ಮ ಮನೆಯನ್ನು ಮುಟ್ಟುತ್ತದೆ. ಮುಟ್ಟಿದ ಮರುಕ್ಷಣವೇ ಇಲ್ಲವಾಗುತ್ತದೆ. ಕೇಳಿದವರ ನೆನಪಿನಲ್ಲಿ ಉಳಿದರೆ ಉಳಿಯಿತು, ಇಲ್ಲವಾದರೆ ಇಲ್ಲ. ನಾನು ಹೊಟ್ಟೆ ಹೊರೆದ ಉದ್ಯೋಗ ಇದಕ್ಕೆ ತೀರ ವಿರುದ್ಧವಾದದ್ದು. ಗಾಳಿಯಲ್ಲಿ ಕರಗಿಹೋಗುವ ಮಾತನ್ನು ಹಿಡಿದು ಕಾಗದದ ಮೇಲೆ ನಿಲ್ಲಿಸುವುದು ನನ್ನ ಕೆಲಸವಾಗಿತ್ತು. 1978ರಿಂದ 2016ರವರೆಗೆ, ಮೂವತ್ತೆಂಟು ವರ್ಷ, ನಮ್ಮ ನಾಡಿನ ಹಲವು ಊರುಗಳ ನ್ಯಾಯಾಲಯಗಳಲ್ಲಿ ನಾನು ಶೀಘ್ರಲಿಪಿಗಾರನಾಗಿದ್ದೆ. ಜನ ನಮ್ಮನ್ನು ‘ಸ್ಟೆನೋ’ ಎನ್ನುತ್ತಾರೆ. ಆ ಉದ್ಯೋಗದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಆ ಉದ್ಯೋಗದಲ್ಲಿ ಅಡಗಿರುವ ಒಂದು ಹೊಣೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನ್ಯಾಯಾಲಯವನ್ನು ಹೊಕ್ಕವರ ಕಣ್ಣಿಗೆ ಮೊದಲು ಬೀಳುವವರು ಪೀಠದ ಮೇಲಿನ ನ್ಯಾಯಾಧೀಶರು; ಆಮೇಲೆ ಕರಿಕೋಟಿನ ವಕೀಲರು, ಕಟಕಟೆಯಲ್ಲಿ ನಿಂತ ಸಾಕ್ಷಿ, ಪೋಲೀಸರ ನಡುವೆ ನಿಂತ ಆರೋಪಿ. ಪೀಠದ ಕೆಳಗೆ, ಬೆಂಚ್ ಕ್ಲಾರ್ಕಿನ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತವನನ್ನು ಯಾರೂ ಗಮನಿಸುವುದಿಲ್ಲ. ಗಮನಿಸಬೇಕಾದ ಕಾರಣವೂ ಇಲ್ಲ. ಆದರೆ ಅಂದು ಅಲ್ಲಿ ಆಡಿದ ಮಾತುಗಳಲ್ಲಿ ಸಂಜೆಗೆ ಉಳಿಯುವುದು ಅವನ ಕೈಯಿಂದ ಹೊರಬಿದ್ದ ಕಾಗದ ಮಾತ್ರ. ಮೊಕದ್ದಮೆ ಮೇಲ್ಮನವಿಗೆ ಹೋದರೆ ಉಚ್ಚ ನ್ಯಾಯಾಲಯದವರು ಆ ಸಾಕ್ಷಿಯ ಮುಖವನ್ನು ನೋಡುವುದಿಲ್ಲ, ದನಿಯನ್ನು ಕೇಳುವುದಿಲ್ಲ, ಕಾಗದವನ್ನು ಓದುತ್ತಾರೆ. ಒಬ್ಬ ಮನುಷ್ಯ ಸೆರೆಮನೆಯಲ್ಲಿರಬೇಕೋ ತನ್ನ ಮನೆಯಲ್ಲಿರಬೇಕೋ ಎಂಬುದು ಬಹುಮಟ್ಟಿಗೆ ಆ ಕಾಗದದಿಂದಲೇ ತೀರ್ಮಾನವಾಗುತ್ತದೆ.

ಈ ಕಸುಬು ಇಂದು ನಿನ್ನೆಯದಲ್ಲ. ಹದಿನೆಂಟನೆಯ ಶತಮಾನದಲ್ಲೇ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದಲ್ಲಿ ಥಾಮಸ್ ಗರ್ನಿ ಎಂಬಾತ ಶೀಘ್ರಲಿಪಿಯಲ್ಲಿ ನಡವಳಿಗಳನ್ನು ಬರೆದುಕೊಳ್ಳುತ್ತಿದ್ದ. ಭಾರತದಲ್ಲಿ ನಡೆಸಿದ ಆಡಳಿತಕ್ಕಾಗಿ ವಾರನ್ ಹೇಸ್ಟಿಂಗ್ಸನ ಮೇಲೆ 1788ರಿಂದ 1795ರವರೆಗೆ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆಯಿತಷ್ಟೆ. ಅಲ್ಲಿನ ಭಾಷಣಗಳು ಇಂದಿಗೂ ಓದಲು ಸಿಕ್ಕುವುದು ಅದೇ ಮನೆತನದವರು ಮಾಡಿಕೊಂಡ ಟಿಪ್ಪಣಿಗಳಿಂದ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತಾರುಣ್ಯದಲ್ಲಿ ಇದೇ ಪದ್ಧತಿಯನ್ನು ಕಲಿತು ಲಂಡನ್ನಿನ ಧಾರ್ಮಿಕ ನ್ಯಾಯಾಲಯದಲ್ಲಿ ವರದಿಗಾರನಾಗಿದ್ದ. ಕಲಿಯುವಾಗ ತಾನು ಪಟ್ಟ ಪಾಡನ್ನು ಆತ ಮುಂದೆ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯ ನಾಯಕನ ತಲೆಗೆ ಕಟ್ಟಿದ್ದಾನೆ.

ನಾನು ಕಲಿತದ್ದು ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿ. ಅದು ಇಂಗ್ಲಿಷಿನ ಕಾಗುಣಿತವನ್ನು ಕೈಬಿಟ್ಟು ಉಚ್ಚಾರವನ್ನು ಹಿಡಿಯಿತು. ಗೆರೆಯನ್ನು ತೆಳುವಾಗಿ ಎಳೆದರೆ ‘ಪ’, ಅದೇ ಗೆರೆಯನ್ನು ಒತ್ತಿ ಎಳೆದರೆ ‘ಬ’. ‘ಟ’ಕಾರ ‘ಡ’ಕಾರಗಳೂ ‘ಕ’ಕಾರ ‘ಗ’ಕಾರಗಳೂ ಹಾಗೆಯೇ. ಬಾಲ್ಯದಲ್ಲಿ ವರ್ಗಾಕ್ಷರಗಳನ್ನು ಬಾಯಿಪಾಠ ಮಾಡಿದ್ದ ನನಗೆ ಇದೇನೂ ಹೊಸತೆನಿಸಲಿಲ್ಲ. ಇಂಗ್ಲಿಷ್ ಶೀಘ್ರಲಿಪಿಯ ಪರೀಕ್ಷೆಯಾದ ಮೇಲೆ ಕನ್ನಡದ ಪರೀಕ್ಷೆಯನ್ನೂ ಕಟ್ಟಿದೆ. ನಿಮಿಷಕ್ಕೆ ಇಷ್ಟು ಶಬ್ದ ಬರೆಯಬಲ್ಲೆನೆಂಬುದೇ ಆಗ ನನ್ನ ಹೆಮ್ಮೆಯಾಗಿತ್ತು. ವೇಗವೊಂದಿದ್ದರೆ ಈ ಉದ್ಯೋಗಕ್ಕೆ ಸಾಕೆಂದು ತಿಳಿದಿದ್ದೆ. ಅದು ಸಾಲದೆಂದು ತಿಳಿಯಲು ಏಳೆಂಟು ವರ್ಷ ಬೇಕಾಯಿತು.

ಅಮೆರಿಕದ ನ್ಯಾಯಾಲಯಗಳಲ್ಲಿ ಇದೊಂದು ಪ್ರತ್ಯೇಕ ವೃತ್ತಿ. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಉಚ್ಚಾರದ ಒಂದು ತುಂಡು ಒಮ್ಮೆಗೇ ಮೂಡುವ ಸ್ಟೆನೋಟೈಪ್ ಯಂತ್ರವನ್ನು ಅಲ್ಲಿ ಬಳಸುತ್ತಾರೆ. ಅಲ್ಲಿನ ವರದಿಗಾರರ ರಾಷ್ಟ್ರೀಯ ಸಂಘದ ಪರೀಕ್ಷೆಯಲ್ಲಿ ಪ್ರಶ್ನೋತ್ತರವನ್ನು ನಿಮಿಷಕ್ಕೆ 225 ಶಬ್ದಗಳ ವೇಗದಲ್ಲಿ, ನೂರಕ್ಕೆ 95ರಷ್ಟು ತಪ್ಪಿಲ್ಲದೆ ತೆಗೆದುಕೊಳ್ಳಬೇಕು. ವಕೀಲನ ಪ್ರಶ್ನೆ, ಸಾಕ್ಷಿಯ ಉತ್ತರ, ತೊದಲು, ಅರ್ಧಕ್ಕೆ ನಿಂತ ವಾಕ್ಯ, ಎಲ್ಲವೂ ಅಲ್ಲಿ ಆಡಿದಂತೆಯೇ ದಾಖಲೆಯಾಗಬೇಕು.

ನಮ್ಮ ರೀತಿ ಬೇರೆ. ಸೆಷನ್ಸ್ ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕು; ನ್ಯಾಯಾಧೀಶರಿಗೆ ಉಚಿತವೆನಿಸಿದರೆ ಪ್ರಶ್ನೋತ್ತರವಾಗಿ ಬರೆಸಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ವಿಧಿ, 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ. ಎಂದರೆ, ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾನೆ. ನ್ಯಾಯಾಧೀಶರು ಆ ಎರಡನ್ನೂ ಕೂಡಿಸಿ ಒಂದು ವಾಕ್ಯ ಕಟ್ಟಿ ನಮಗೆ ಉಕ್ತಲೇಖನ ಕೊಡುತ್ತಾರೆ. ಸಾಕ್ಷಿ ಆಡಿದ್ದು ಕನ್ನಡವಾಗಿ, ಬರೆಸುವುದು ಇಂಗ್ಲಿಷಾದರೆ, ಆ ಕ್ಷಣಾರ್ಧದಲ್ಲೇ ಭಾಷಾಂತರವೂ ನಡೆದುಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ, ನಾನು ಕಂಡ ನ್ಯಾಯಾಲಯಗಳಲ್ಲಿ, ಇದು ದಿನನಿತ್ಯದ ಪದ್ಧತಿಯಾಗಿತ್ತು.

ಈ ದಾರಿಯಲ್ಲಿ ಮಾತು ಹೇಗೆ ರೂಪಾಂತರ ಹೊಂದುತ್ತದೆಂಬುದನ್ನು ನೋಡಬೇಕು. ಪಾಟೀಸವಾಲಿನಲ್ಲಿ ವಕೀಲರು, “ನೀನು ಆ ಹೊತ್ತಿನಲ್ಲಿ ಅಂಗಡಿಯ ಮುಂದೆ ಇರಲೇ ಇಲ್ಲ, ಅಲ್ಲವೇನಯ್ಯಾ?” ಎಂದು ಗದರುತ್ತಾರೆ. ಸಾಕ್ಷಿ, “ಇದ್ದೆ ಸ್ವಾಮಿ” ಎನ್ನುತ್ತಾನೆ. ಕಾಗದದ ಮೇಲೆ ಅದು, “ಆ ಸಮಯದಲ್ಲಿ ನಾನು ಅಂಗಡಿಯ ಮುಂದೆ ಇರಲಿಲ್ಲ ಎಂದರೆ ಸರಿಯಲ್ಲ” ಎಂದಾಗುತ್ತದೆ. ಇಡೀ ಜನ್ಮದಲ್ಲಿ ಅಂಥ ವಾಕ್ಯವನ್ನು ಆತ ಆಡಿರಲಾರ. ಇರಲಿ, ಅರ್ಥವಾದರೂ ಉಳಿಯಿತು. ಎಷ್ಟೋ ಕಡೆ ಅದೂ ಉಳಿಯುವುದಿಲ್ಲ. “ದೀಪ ಹಚ್ಚೋ ಹೊತ್ತು” ಎಂದು ರೈತ ಹೇಳಿದ್ದು “ಸಂಜೆ ಸುಮಾರು 6-30 ಗಂಟೆ” ಎಂದು ದಾಖಲಾಗುತ್ತದೆ. ಆಮೇಲೆ ಎದುರು ವಕೀಲರು ಅದನ್ನೇ ಹಿಡಿದು, “ನಿನ್ನ ಹತ್ತಿರ ಗಡಿಯಾರವಿತ್ತೋ? ಇಲ್ಲದಿದ್ದರೆ ಆರೂವರೆ ಎಂದು ಹೇಗೆ ಹೇಳಿದೆ?” ಎಂದು ಕೇಳುತ್ತಾರೆ. ಆರೂವರೆ ಎಂದು ಆತ ಹೇಳಿಯೇ ಇಲ್ಲ! “ಒಂದು ಕೂಗಳತೆ ದೂರ” ಎಂದದ್ದು ಫರ್ಲಾಂಗುಗಳ ಲೆಕ್ಕವಾಗುತ್ತದೆ. ಊರಿನಲ್ಲಿ ವಯಸ್ಸಿಗೆ ಹಿರಿಯರಾದವರನ್ನೆಲ್ಲ ‘ಅಣ್ಣ’ ಎನ್ನುವುದು ನಮ್ಮ ವಾಡಿಕೆ. ಇಂಗ್ಲಿಷಿನಲ್ಲಿ ಅದು ಒಡಹುಟ್ಟಿದವನೆಂದಾಗಿ, ನಿಷ್ಪಕ್ಷಪಾತಿಯಾದ ಸಾಕ್ಷಿ ಆರೋಪಿಯ ನೆಂಟನಾಗಿಬಿಡುತ್ತಾನೆ. ಕೈಯೆತ್ತಿ, “ಇಷ್ಟುದ್ದ ದೊಣ್ಣೆ” ಎಂದು ತೋರಿಸಿದರೆ, ಅದನ್ನು ಯಾರಾದರೂ ಮಾತಿನಲ್ಲಿ ಹೇಳಿ ಬರೆಸದಿದ್ದರೆ ದೊಣ್ಣೆಗೆ ಉದ್ದವೇ ಇಲ್ಲ.

ಇವೆಲ್ಲ ಹಾಗಿರಲಿ. ನನ್ನ ಕಣ್ಣು ತೆರೆಸಿದ್ದು ನಮ್ಮ ಭಾಷೆಯ ಎರಡಕ್ಷರದ ಒಂದು ಪ್ರತ್ಯಯ.

ಎಂಬತ್ತರ ದಶಕದ ನಡುವಿನ ಮಾತು. ಊರಿನ ಹೆಸರೂ ಕಕ್ಷಿಗಾರರ ಹೆಸರೂ ಇಲ್ಲಿ ಬೇಡ. ಹೊಲದ ಬದುವಿನ ವಿಚಾರಕ್ಕೆ ಜಗಳವಾಗಿ, ಒಬ್ಬ ತರುಣ ತಲೆಗೆ ಪೆಟ್ಟು ಬಿದ್ದು ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದ. ಪಕ್ಕದ ಹೊಲದವನ ಮೇಲೆ ಕೊಲೆಯ ಆರೋಪ. ಕಣ್ಣಾರೆ ಕಂಡವರೆಂದು ಪೋಲೀಸರು ಹೆಸರಿಸಿದ್ದ ಹುಡುಗರಿಬ್ಬರೂ ಕಟಕಟೆ ಹತ್ತಿ, ತಮಗೇನೂ ತಿಳಿಯದೆಂದು ಹೇಳಿ ಪ್ರತಿಕೂಲ ಸಾಕ್ಷಿಗಳಾದರು. ಅವರ ನಂತರ ಬಂದವರು ಸತ್ತವನ ತಾಯಿ. ಆಕೆ ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ. “ಅವ್ನು ಕೊಡ್ಲಿ ಎತ್ಕೊಂಡು ಬಂದ್ನಂತೆ ಸ್ವಾಮಿ, ನಮ್ಮ ಹುಡ್ಗನ ತಲೆಗೆ ಹೊಡೆದ್ನಂತೆ. ನಾನು ಕೂಗು ಕೇಳಿ ಓಡ್ಬಂದೆ. ನಾನು ಬರೋ ಹೊತ್ಗೆ ಬಿದ್ದಿದ್ದ.”

ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಬರೆಸಿದರು. ನಾನು ಟೈಪು ಮಾಡಿದೆ. ಆ ವಾಕ್ಯದ ಅರ್ಥ ಇಷ್ಟು: ಆರೋಪಿಯು ಕೊಡಲಿಯನ್ನು ಹಿಡಿದು ಬಂದು ನನ್ನ ಮಗನ ತಲೆಗೆ ಹೊಡೆದನು, ಕೂಗನ್ನು ಕೇಳಿ ನಾನು ಅಲ್ಲಿಗೆ ಧಾವಿಸಿದೆನು.

‘ಅಂತೆ’ ಬಿದ್ದುಹೋಗಿತ್ತು. ‘ಬಂದನು’ ಎನ್ನುವುದಕ್ಕೂ ‘ಬಂದನಂತೆ’ ಎನ್ನುವುದಕ್ಕೂ ಇರುವ ಭೇದ ಕನ್ನಡದ ಮಗುವಿಗೂ ಗೊತ್ತು. ಮೊದಲನೆಯದು ಕಂಡ ಮಾತು, ಎರಡನೆಯದು ಕೇಳಿದ ಮಾತು. ಸಾಕ್ಷಿ ತಾನು ಸ್ವತಃ ಕಂಡದ್ದನ್ನು ಹೇಳಬೇಕೇ ಹೊರತು ಇನ್ನೊಬ್ಬರು ಹೇಳಿದ್ದನ್ನಲ್ಲ ಎಂಬುದು 1872ರ ಸಾಕ್ಷ್ಯ ಕಾಯಿದೆಯ ಮೂಲತತ್ವಗಳಲ್ಲೊಂದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದು ಹಾಗೆಯೇ ಇದೆ. ಕಾಯಿದೆ ಒಂದು ಇಡೀ ವಿಧಿಯಲ್ಲಿ ಹೇಳಿದ್ದನ್ನು ನಮ್ಮ ಹಳ್ಳಿಯ ಹೆಂಗಸು ಎರಡಕ್ಷರದಲ್ಲಿ ತನಗೆ ತಾನೇ ಪಾಲಿಸುತ್ತಾಳೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಬಾರದೆಂದಲ್ಲ. ಅಲ್ಲಿ ಅದಕ್ಕೆ ಬೇರೆ ಮಾತುಗಳನ್ನು ನೆನೆದು ಸೇರಿಸಬೇಕು. ನಮ್ಮಲ್ಲಿ ಅದು ಕ್ರಿಯಾಪದಕ್ಕೇ ಅಂಟಿಕೊಂಡು ಬರುತ್ತದೆ. ಅವಸರದಲ್ಲಿ ಸೇರಿಸಲು ಮರೆತರೆ, ಕೇಳಿದವಳು ಕಂಡವಳಾಗಿಬಿಡುತ್ತಾಳೆ.

ಯಾರೂ ಗಮನಿಸಲಿಲ್ಲವೆ ಎಂದು ನೀವು ಕೇಳಬಹುದು. ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ನೇಮಕವಾಗಿದ್ದ ತರುಣ ವಕೀಲರು ತಾಯಿಯ ಕನ್ನಡವನ್ನು ಕೇಳಿದ್ದರು. ಕಾಗದದ ಮೇಲೂ ಅದೇ ಇದೆಯೆಂದು ನಂಬಿದ್ದರು. ಎರಡು ಮೂರು ಪ್ರಶ್ನೆ ಕೇಳಿ ಕುಳಿತರು. ಸಾಕ್ಷ್ಯ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು, ಬೇರೆ ಭಾಷೆಯಲ್ಲಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನಿದೆ. ಅಂದು ಹೊತ್ತಾಗಿತ್ತು. ಊಟದ ವೇಳೆ ಮೀರಿತ್ತು. ಆಕೆ ಹೆಬ್ಬೆಟ್ಟೊತ್ತಿ ಇಳಿದುಹೋದರು. ‘ಓದಿ ಹೇಳಿ ಸರಿಯೆಂದು ಒಪ್ಪಿಸಲಾಗಿದೆ’ ಎಂಬ ಎಂದಿನ ವಾಕ್ಯವನ್ನು ಕೊನೆಯಲ್ಲಿ ಟೈಪು ಮಾಡಿದವನು ನಾನೇ.

ಸಂಜೆ ಕಾರ್ಬನ್ ತೆಗೆದು ಪ್ರತಿಗಳನ್ನು ಹೊಂದಿಸುವಾಗ ಆ ವಾಕ್ಯ ಕಣ್ಣಿಗೆ ಬಿತ್ತು. ಕಿವಿಯಲ್ಲಿದ್ದ ಮಾತು ಒಂದು, ಕಣ್ಣೆದುರಿನ ಮಾತು ಇನ್ನೊಂದು. ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಉದ್ಯೋಗದ ಮೊದಲ ಪಾಠ ಮೌನ. ಕೊಟ್ಟದ್ದನ್ನು ಬರೆಯಬೇಕು, ಪೀಠವನ್ನು ತಿದ್ದುವುದು ನಮ್ಮ ಕೆಲಸವಲ್ಲ. ಆದರೆ ಈಗ ಆ ಕೊಲೆಗೆ ಕಣ್ಣಾರೆ ಕಂಡ ಸಾಕ್ಷಿಯೆಂದು ಉಳಿದದ್ದು ಕಾಗದದ ಮೇಲಿನ ಆ ತಾಯಿ ಒಬ್ಬಳೇ. ಅವಳನ್ನು ಹಾಗೆ ಮಾಡಿದ್ದರಲ್ಲಿ ನನ್ನ ಬೆರಳುಗಳ ಪಾಲೂ ಇತ್ತು.

ಮರುದಿನ ಬೆಳಗ್ಗೆ ನ್ಯಾಯಾಧೀಶರ ಕೊಠಡಿಗೆ ಹೋಗಿ ನಡೆದದ್ದನ್ನು ಅರಿಕೆ ಮಾಡಿದೆ. ಅವರ ಮುಖ ಮೊದಲು ಗಡುಸಾಯಿತು. “ನಿನ್ನೆಯೇ ಏಕೆ ಹೇಳಲಿಲ್ಲ ನೀವು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ದೊಡ್ಡ ಮನಸ್ಸಿನವರು. ಉಭಯ ಪಕ್ಷದ ವಕೀಲರಿಗೂ ವಿಷಯ ತಿಳಿಸಿ, ಸಾಕ್ಷಿಯನ್ನು ಮತ್ತೆ ಕರೆಸಿದರು. ತಾವೇ ಕೇಳಿದರು: “ಹೊಡೆದದ್ದನ್ನು ನೀವು ನಿಮ್ಮ ಕಣ್ಣಿನಿಂದ ಕಂಡಿರಾ ತಾಯಿ?” ಆಕೆ, “ಇಲ್ಲ ಸ್ವಾಮಿ, ಆ ಹುಡುಗ್ರು ಹೇಳಿದ್ರು. ಅವತ್ತೂ ಅದನ್ನೇ ಅಲ್ವಾ ನಾನು ಹೇಳಿದ್ದು?” ಎಂದರು. ಈ ಸಲ ಅದನ್ನು ಪ್ರಶ್ನೋತ್ತರವಾಗಿ, ಕನ್ನಡದಲ್ಲಿಯೇ ಬರೆಸಿದರು.

ಮೊಕದ್ದಮೆ ನಿಲ್ಲಲಿಲ್ಲ. ಆರೋಪಿಯ ಬಿಡುಗಡೆಯಾಯಿತು. ತೀರ್ಪಿನ ದಿನ ಆಕೆ ನ್ಯಾಯಾಲಯದ ಜಗಲಿಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಗುರುತು ಹಿಡಿದು, “ನಾನೇನಾದ್ರೂ ತಪ್ಪು ಹೇಳಿದ್ನಾ ಸ್ವಾಮಿ?” ಎಂದು ಕೇಳಿದರು. “ಇಲ್ಲ ತಾಯಿ, ನೀವು ಹೇಳಿದ್ದು ಸತ್ಯ” ಎಂದೆ. “ಸತ್ಯ ಹೇಳಿದ್ಮೇಲೆ ಅವ್ನ ಯಾಕೆ ಬಿಟ್ರು?” ಎಂದರು.

ಆ ಪ್ರಶ್ನೆಗೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ, ಇಂದೂ ಇಲ್ಲ. ಆ ಮನುಷ್ಯ ಹೊಡೆದಿದ್ದನೋ ಇಲ್ಲವೋ ನನಗೆ ತಿಳಿಯದು. ನಾನು ಸುಮ್ಮನಿದ್ದಿದ್ದರೆ ಆತನಿಗೆ ಶಿಕ್ಷೆಯಾಗಬಹುದಿತ್ತು, ಆ ತಾಯಿಗೆ ಒಂದಿಷ್ಟು ಸಮಾಧಾನವೂ ದೊರೆಯಬಹುದಿತ್ತು. ಆದರೆ ಆಕೆ ಆಡದ ಮಾತಿನಿಂದ ಆತ ಸೆರೆಮನೆಗೆ ಹೋಗಿರುತ್ತಿದ್ದ. ಮಗನನ್ನು ಕಳೆದುಕೊಂಡ ದುಃಖದಲ್ಲೂ ಕಾಣದ್ದನ್ನು ಕಂಡೆನೆನ್ನದ ಆ ಹೆಂಗಸಿನ ನಾಲಗೆಯ ಮೇಲೆ ನಾವು ಒಂದು ಸುಳ್ಳನ್ನು ಇಟ್ಟಂತಾಗುತ್ತಿತ್ತು. ದಾಖಲೆ ಮಾಡುವವನ ಹೊಣೆ ತೀರ್ಪಿಗೆ ಸಂಬಂಧಿಸಿದ್ದಲ್ಲ. ಆಡಿದವರ ಮಾತಿಗೆ ಸಂಬಂಧಿಸಿದ್ದು ಎಂಬುದನ್ನು ನಾನು ಆ ಜಗಲಿಯ ಮೇಲೆ ಕಲಿತೆ. ಇಷ್ಟು ಹೇಳಿ ನನ್ನನ್ನು ನಾನು ಹೊಗಳಿಕೊಳ್ಳುತ್ತಿಲ್ಲ. ಆ ಒಂದು ‘ಅಂತೆ’ ನನ್ನ ಕಣ್ಣಿಗೆ ಬಿತ್ತು. ಅದಕ್ಕೆ ಮುಂಚೆ ನನ್ನ ಬೆರಳಿನಡಿಯಲ್ಲಿ ಎಷ್ಟು ‘ಅಂತೆ’ಗಳು ಅಳಿಸಿಹೋದವೋ ಬಲ್ಲವರಾರು?

ಈ ವಿಷಯದಲ್ಲಿ ಕಾನೂನು ಕುರುಡಾಗಿಲ್ಲ. ಸಾಕ್ಷಿ ನ್ಯಾಯಾಲಯದ ಭಾಷೆಯಲ್ಲಿ ಹೇಳಿದರೆ ಆ ಭಾಷೆಯಲ್ಲೇ ಬರೆಯಬೇಕು. ಬೇರೆ ಭಾಷೆಯಲ್ಲಿ ಹೇಳಿದರೆ, ಸಾಧ್ಯವಾದಲ್ಲಿ ಆ ಭಾಷೆಯಲ್ಲೇ ಬರೆಯಬಹುದು. ಅದು ಸಾಧ್ಯವಿಲ್ಲದಾಗ ಮಾತ್ರ ವಿಚಾರಣೆ ನಡೆಯುತ್ತಿರುವಂತೆಯೇ ನ್ಯಾಯಾಲಯದ ಭಾಷೆಗೆ ಸರಿಯಾದ ಭಾಷಾಂತರವನ್ನು ಸಿದ್ಧಪಡಿಸಬೇಕು. ಹಳೆಯ ಸಂಹಿತೆಯ 277ನೆಯ ವಿಧಿಯಲ್ಲಿದ್ದುದು ಹೊಸ ಸಂಹಿತೆಯ 312ನೆಯ ವಿಧಿಯಾಗಿದೆ. ಸಾಕ್ಷಿಗೆ ಓದಿ ಹೇಳುವ ನಿಯಮ 278ರಿಂದ 313ಕ್ಕೆ ಬಂದಿದೆ. 2021ರ ಏಪ್ರಿಲ್ 20ರಂದು ಸರ್ವೋಚ್ಚ ನ್ಯಾಯಾಲಯ ಎಲ್ಲ ಉಚ್ಚ ನ್ಯಾಯಾಲಯಗಳೂ ಅಂಗೀಕರಿಸಲೆಂದು ಮಾದರಿ ನಿಯಮಗಳನ್ನು ಹೊರಡಿಸಿತು. ಸಾಕ್ಷ್ಯವನ್ನು ಸಾಕ್ಷಿಯ ಭಾಷೆಯಲ್ಲಿ ದಾಖಲಿಸಬೇಕು, ತಪ್ಪದೆ ಓದಿ ಹೇಳಬೇಕು, ಅದರ ಪ್ರತಿಯನ್ನು ಅದೇ ದಿನ ಆರೋಪಿಗೂ ಸಾಕ್ಷಿಗೂ ಉಚಿತವಾಗಿ ಕೊಡಬೇಕು, ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳ ಸಾಕ್ಷ್ಯವನ್ನು ಬರೆಸಕೂಡದು ಎಂಬುವು ಅವುಗಳಲ್ಲಿ ಸೇರಿವೆ. 2023ರ ಜನವರಿ 30ರಂದು, ದೆಹಲಿಯ ಒಂದು ಮೊಕದ್ದಮೆಯ ಮೇಲ್ಮನವಿಯಲ್ಲಿ, ಸಾಕ್ಷಿ ತನ್ನ ನುಡಿಯಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಬರೆಸುವ ರೂಢಿಯನ್ನು ಅದೇ ನ್ಯಾಯಾಲಯ ಒಪ್ಪಲಿಲ್ಲ. ಸಾಕ್ಷಿಯ ಮಾತಿನ ಧಾಟಿಯೂ ವರ್ತನೆಯೂ ಸರಿಯಾಗಿ ತಿಳಿಯುವುದು ಅವನ ಭಾಷೆಯಲ್ಲೇ ಬರೆದಾಗ ಎಂಬುದು ಅದರ ಅಭಿಪ್ರಾಯ. ಅದನ್ನು ಓದಿದ ದಿನ ನನಗೆ ಆ ತಾಯಿಯ ನೆನಪಾಯಿತು.

ಸಿವಿಲ್ ವ್ಯಾಜ್ಯಗಳಲ್ಲಿ ಇನ್ನೊಂದು ತೊಡಕಿದೆ. 2002ರ ಜುಲೈ 1ರಿಂದ ಮುಖ್ಯ ವಿಚಾರಣೆ ಪ್ರಮಾಣಪತ್ರದ ಮೂಲಕ ನಡೆಯುತ್ತದೆ. ವಕೀಲರ ಕಚೇರಿಯಲ್ಲಿ ಸಿದ್ಧವಾದ ಬರಹಕ್ಕೆ ಸಾಕ್ಷಿ ಸಹಿ ಹಾಕುತ್ತಾನೆ. ಕಾಲ ಉಳಿಯುತ್ತದೆ, ನಿಜ. ಆದರೆ ಪಾಟೀಸವಾಲಿನಲ್ಲಿ, “ಇದರಲ್ಲಿ ಏನು ಬರೆದಿದೆ ಗೊತ್ತೆ?” ಎಂದು ಕೇಳಿದಾಗ, “ವಕೀಲರು ಬರೆದವ್ರೆ, ನಂಗೊತ್ತಿಲ್ಲ” ಎಂಬ ಉತ್ತರವನ್ನು ನಾನೆಷ್ಟು ಸಲ ಟೈಪು ಮಾಡಿದ್ದೇನೋ ಲೆಕ್ಕವಿಲ್ಲ.

ಈಗ ಯಂತ್ರಗಳು ಬಂದಿವೆ. ಕರ್ನಾಟಕದ ಉಚ್ಚ ನ್ಯಾ‌ಯಾಲಯ ಕಲಾಪಗಳ ನೇರ ಪ್ರಸಾರಕ್ಕೆ ನಿಯಮಗಳನ್ನು ಮಾಡಿ 2022ರ ಜನವರಿ 1ರಿಂದ ಜಾರಿಗೆ ತಂದಿತು. 2023ರ ಫೆಬ್ರವರಿ 21ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ಮುಂದೆ ವಕೀಲರು ಆಡುತ್ತಿದ್ದ ಮಾತನ್ನು ಯಂತ್ರವೇ ಕೇಳಿ, ಆಗಿಂದಾಗಲೇ ಪರದೆಯ ಮೇಲೆ ಬರಹವಾಗಿ ತೋರಿಸಿತು. ಇದರಿಂದ ನಮ್ಮಂಥವರ ಉದ್ಯೋಗ ಹೋಗುವುದಲ್ಲ ಎಂದು ಕೆಲವರು ಮರುಗುತ್ತಾರೆ. ನನಗೆ ಅಂಥ ಮರುಕವಿಲ್ಲ. ಆಡಿದ ದನಿಯೇ ಉಳಿಯುವುದಾದರೆ ಅದಕ್ಕಿಂತ ಒಳ್ಳೆಯದೇನು? ‘ಅಂತೆ’ ಬಿದ್ದುಹೋಯಿತೆಂದು ಅನುಮಾನ ಬಂದರೆ ಮತ್ತೆ ಕೇಳಬಹುದು. ಆದರೆ ಹಾಗೆ ಅನುಮಾನ ಪಡುವವನೊಬ್ಬ ಬೇಕು. ಯಂತ್ರ ತಪ್ಪು ಬರೆದರೆ ಅದಕ್ಕೆ ರಾತ್ರಿ ನಿದ್ದೆ ಕೆಡುವುದಿಲ್ಲ. ಬರೆದದ್ದನ್ನು ಆಡಿದವರ ಮುಂದಿಟ್ಟು, “ನೀವು ಹೇಳಿದ್ದು ಇದೇನಾ?” ಎಂದು ಕೇಳುವ ಕೆಲಸ ಮನುಷ್ಯನದೇ.

ಕೇಳುಗರಲ್ಲಿ ನನ್ನದೊಂದು ಬಿನ್ನಹ. ಎಂದಾದರೊಂದು ದಿನ ನೀವೂ ಸಾಕ್ಷಿಯಾಗಿ ಕಟಕಟೆ ಹತ್ತಬೇಕಾಗಬಹುದು. ಅಂದು ಸಹಿ ಹಾಕುವ ಮುನ್ನ, “ದಯವಿಟ್ಟು ಓದಿ ಹೇಳಿ” ಎಂದು ಕೇಳಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿರೆಂದು ಕೇಳಿ. ತಪ್ಪಿದ್ದರೆ ತಪ್ಪೆನ್ನಿ, ನ್ಯಾಯಾಧೀಶರು ಅದನ್ನು ತಿದ್ದಬಹುದು, ಇಲ್ಲವೆ ನಿಮ್ಮ ಆಕ್ಷೇಪವನ್ನು ಬರೆದಿಡಬಹುದು. ಅದು ಅವಿನಯವಲ್ಲ, ಕಾನೂನೇ ನಿಮಗೆ ಕೊಟ್ಟ ಹಕ್ಕು. ಹೊತ್ತಾಯಿತೆಂದು ಯಾರಾದರೂ ಅವಸರಪಡಿಸಿದರೆ, ಓದು ಬಾರದೆ ಹೆಬ್ಬೆಟ್ಟೊತ್ತಿ ಇಳಿದುಹೋದ ಆ ತಾಯಿಯನ್ನು ನೆನೆಯಿರಿ. ಆಕೆ ತನ್ನ ಮಾತನ್ನು ತೂಕ ತಪ್ಪದೆ ಆಡಿದ್ದರು. ತೂಕ ತಪ್ಪಿದವರು ನಾವು.



(ಬಾನುಲಿ ಭಾಷಣ)